ಅಪ್ಪನ ಕಣ್ಣಿನ ನಂಬರು

ಕನ್ನಡಕ, ದುರ್ಬೀನು ರಿಪೇರಿಯ ನನ್ನ ಅಂಗಡಿಗೆ ಈಗ ಬರುವವರು ಹೆಚ್ಚಾಗಿ ದಾರಿ ಕೇಳುವವರು. ಹಾಗಾಗಿ ಆ ಹೆಂಗಸು ಟವೆಲಿನಲ್ಲಿ ಸುತ್ತಿದ್ದ ಹಿತ್ತಾಳೆಯ ವಸ್ತುವನ್ನು ಮೇಜಿನ ಮೇಲಿಟ್ಟಾಗ ನನಗೆ ಹಿಗ್ಗೋ ಹಿಗ್ಗು.

"ಇದೇನು, ಯಾವ ಕಾಲದ್ದು, ಅಷ್ಟು ಹೇಳಿ ಸಾಕು," ಎಂದರು. "ಅಪ್ಪ ಗುಜರಿಯಿಂದ ತಂದಿದ್ರು. ನಾನು ಕೆಲಸದಿಂದ ಬರೋ ಹೊತ್ತಿಗೆ ಕಿಟಕೀಲಿ ಕೂತು ಇದರಲ್ಲೇ ಬೀದಿ ತಿರುವು ನೋಡ್ತಿದ್ರು. ಅವರು ಹೋಗಿ ಎರಡು ತಿಂಗಳಾಯ್ತು. ಕಣ್ಣಿಡೋ ಕಡೆಯ ಈ ಉಂಗುರ ಅವರ ಕಣ್ಣಿಗೆ ಹೊಂದೋ ಹಾಗೆ ತಿರುಗಿಸಿಟ್ಟಿದ್ದು. ನನಗೆ ಬರೀ ಮಂಜು ಕಾಣುತ್ತೆ. ಆದ್ರೂ ಹಾಗೇ ಬಿಟ್ಟಿದೀನಿ. ನೀವೂ ಹಾಗೇ ವಾಪಸ್ ಕೊಡ್ಬೇಕು."

"ಚಿಂತೆ ಬಿಡಿ ತಾಯಿ, ಉಂಗುರ ಮುಟ್ಟೋ ಮುಂಚೆ ಅದರ ಮೇಲಿನ ನಂಬರು ಬರೆದಿಟ್ಕೋತೀನಿ," ಎಂದೆ.

ಮೂರು ದಿನ ನಾನು ಒಬ್ಬಂಟಿ ಎಂಬುದೇ ಮರೆತುಹೋಗಿತ್ತು. ಮೊಣಕೈಯಂತೆ ಬಾಗಿದ ಕೊಳವೆ. ಒಳಗಿನ ಗಾಜಿನ ಮೇಲೆ ಸಣ್ಣ ಗೆರೆಗಳು, ಅಂಕಿಗಳು. ಫಿರಂಗಿಗೆ ಗುರಿ ಹಿಡಿಯುವ ದುರ್ಬೀನು, ಅನುಮಾನವೇ ಇಲ್ಲ. ಗಾಜಿಗೆ ನೀಲಿ ಹೊಳಪಿನ ಲೇಪವಿರಲಿಲ್ಲ, ಅಂದರೆ ಹಳೆಯದು. ಎಷ್ಟು ಹಳೆಯದು? ನಮ್ಮ ಕಸುಬಿನವರಿಗೊಂದು ಚಾಳಿಯಿದೆ: ಬಿಚ್ಚಿದವನು ಒಳಗಿನ ಲೋಹದ ಮೇಲೆ, ಹೊರಗೆ ಕಾಣದ ಹಾಗೆ, ಸೂಜಿಯಲ್ಲಿ ತಾರೀಖು ಗೀರುತ್ತಾನೆ. ಮುಂಭಾಗದ ಗಾಜು ತೆಗೆದಾಗ ಅದು ಸಿಕ್ಕಿತು: 1941, ಮಾರ್ಚ್. ಆಗಲೇ ರಿಪೇರಿಗೆ ಬಂದಿತ್ತೆಂದರೆ ಹುಟ್ಟಿದ್ದು ಅದಕ್ಕೂ ಮುಂಚೆ.

"ಸಿಕ್ತು ಕಣೇ!" ಎಂದು ಕೂಗಿದೆ.

ಎದುರಿನ ಕುರ್ಚಿ ಖಾಲಿಯಿತ್ತು. ನನ್ನವಳು ತೀರಿಕೊಂಡು ನಾಲ್ಕು ವರ್ಷ. ಮೂವತ್ತು ವರ್ಷ ಅಲ್ಲೇ ಕೂತು, ನಾನು ಕೂಗಿದ ನಂಬರನ್ನೆಲ್ಲ ಪುಸ್ತಕಕ್ಕೆ ಬರೆದವಳು ಅವಳು.

ಆಗ ಉಂಗುರದ ಮಾತು ತಲೆಗೆ ಬಂತು. ಮೊದಲ ದಿನ, ಉಂಗುರವನ್ನು ಸೊನ್ನೆಗೆ ತಿರುಗಿಸುವ ಮುಂಚೆ, ನಂಬರನ್ನು ಜೋರಾಗಿ ಕೂಗಿದ್ದು ನೆನಪಿತ್ತು. ಎಷ್ಟೆಂಬುದು ನೆನಪಿರಲಿಲ್ಲ. ಪುಸ್ತಕ ತೆಗೆದೆ. ಕೊನೆಯ ಸಾಲು ಅವಳ ದುಂಡು ಅಕ್ಷರದ್ದೇ, ನಾಲ್ಕು ವರ್ಷ ಹಳೆಯದು.

ಆಕೆ ಬಂದಾಗ ಇಸವಿ ಹೇಳಿದೆ, ಖುಷಿಪಟ್ಟರು. ಆಮೇಲೆ ನನ್ನ ತಪ್ಪನ್ನೂ ಮುಚ್ಚಿಡದೆ ಹೇಳಿದೆ. ಬೈದಿದ್ದರೆ ವಾಸಿಯಿತ್ತು. ಆಕೆ ಆ ಖಾಲಿ ಕುರ್ಚಿಯಲ್ಲೇ ಕೂತು ದುರ್ಬೀನಿಗೆ ಕಣ್ಣಿಟ್ಟರು.

"ನಿಧಾನಕ್ಕೆ ತಿರುಗಿಸಿ. ನನ್ನ ಮಂಜು ನನಗೆ ಗೊತ್ತಾಗುತ್ತೆ."

ಎದುರು ಬೀದಿಯ ಬೋರ್ಡಿನ ಕಡೆಗೆ ಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ.

"ಇನ್ನೂ… ಇನ್ನು ಸ್ವಲ್ಪ… ಜಾಸ್ತಿಯಾಯ್ತು. ಹಾಂ, ಇಲ್ಲೇ ಎಲ್ಲೋ ಇರ್ಬೇಕು." ಕಣ್ಣೊರೆಸಿಕೊಂಡು ಮತ್ತೆ ನೋಡಿದರು. "ಈಗ ಹೇಗೆ ತಿರುಗಿಸಿದ್ರೂ ಮಂಜಾಗೇ ಕಾಣ್ತಿದೆ. ಬಿಡಿ, ಇದೇ ಇರ್ಲಿ."

ಆಕೆ ಹೋದ ಮೇಲೆ, ಪುಸ್ತಕದಲ್ಲಿ ನನ್ನವಳ ಸಾಲಿನ ಕೆಳಗೆ ಮೊದಲ ಸಲ ನಾನೇ ಬರೆದೆ: ಪ್ಲಸ್ ಎರಡೂವರೆ, ಸುಮಾರು. ಅವಳಿದ್ದಿದ್ದರೆ 'ಸುಮಾರು' ಎಂಬ ಮಾತನ್ನು ಆ ಪುಸ್ತಕದೊಳಕ್ಕೆ ಬಿಡುತ್ತಲೇ ಇರಲಿಲ್ಲ.