ಉಪ್ಪು ನೋಡಿದವನು

ಎಲ್ಡನ್ ಭಾವ ಹೊಡೆದ ಜಿಂಕೆಯ ತಲೆ ರಸ್ತೆಬದಿಯ ಸರ್ಕಾರಿ ರೋಗಪರೀಕ್ಷಾ ಪೆಟ್ಟಿಗೆಗೆ ಹೋಯಿತು, ಮುಂಡ ಅವನ ಗ್ಯಾರೇಜಿಗೆ ಬಂತು. ವಿಸ್ಕಾನ್ಸಿನ್ನಿನ ನಮ್ಮ ಮೂಲೆಯಲ್ಲಿ ಜಿಂಕೆಗಳಿಗೆ ಮಿದುಳು ಕೊರೆಯುವ ರೋಗ ಬಂದು ವರ್ಷಗಳೇ ಆದವು. ಮನುಷ್ಯರಿಗೆ ಅಂಟಿದ್ದನ್ನು ಯಾರೂ ಕಂಡಿಲ್ಲ. ಆದರೂ ಫಲಿತಾಂಶ ಬರುವತನಕ ಬಾಯಿಗಿಡಬೇಡಿ ಎನ್ನುತ್ತಾರೆ. ಅದಕ್ಕೆ ಹದಿನೈದು ದಿನ ಬೇಕು. ಭಾವನಿಗೆ ಹದಿನೈದು ನಿಮಿಷದ ತಾಳ್ಮೆಯೂ ಇಲ್ಲ. ಮಾರನೆಯ ದಿನವೇ ಜರ್ಕಿಗೆಂದು, ಅಂದರೆ ಒಣಮಾಂಸದ ಪಟ್ಟಿಗಳಿಗೆಂದು, ಚಾಕು ಮಸೆದ.

"ನಮ್ಮಪ್ಪ ಎಂಬತ್ತೆಂಟು ವರ್ಷ ಜಿಂಕೆ ತಿಂದ. ಯಾವ ಚೀಟಿ ನೋಡಿದ್ದ?"

"ನಿಮ್ಮಪ್ಪ ಕೊನೇಲಿ ನನ್ನನ್ನ ಹಸು ಅಂದ್ಕೊಂಡಿದ್ರು," ಎಂದಳು ಮಾರ್ಲಿಸ್ ಅಕ್ಕ. "ಓರಿನ್, ನೀನಾದ್ರೂ ಬುದ್ಧಿ ಇಟ್ಕೋ. ರಿಸಲ್ಟ್ ಬರೋವರೆಗೂ ಮುಟ್ಟಬೇಡ."

"ಹೆಂಗಸರ ಮಾತು ಕೇಳ್ಕೊಂಡು ಕೂರೋನೇನೇ ನನ್ನ ಭಾಮೈದ?" ಎಂದ ಭಾವ. ಆ ಒಂದು ಮಾತಿಗೆ ನಾನು ಕೆಟ್ಟೆ.

ತೊಡೆಯ ಬಾಡನ್ನು ಫ್ರೀಜರಿನಲ್ಲಿ ಅರ್ಧ ಗಟ್ಟಿಯಾಗಿಸಿ ತೆಳ್ಳಗೆ ಕೊಯ್ದೆವು. ಸೋಯಾ ಸಾಸ್, ಕಂದು ಸಕ್ಕರೆ, ಬೆಳ್ಳುಳ್ಳಿ, ಮೆಣಸು, ಉಪ್ಪು ಬೆರೆಸಿ ನೆನೆಸಿಟ್ಟೆವು. ಮರುದಿನ ಓವನ್ನಿನ ತಂತಿಗಳ ಮೇಲೆ ಹರಡಿ, ಹಬೆ ಹೋಗಲೆಂದು ಬಾಗಿಲಿಗೆ ಮರದ ಸೌಟು ಸಿಕ್ಕಿಸಿದೆವು. ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಘಮಘಮ. ಭಾವ ಒಂದು ಪಟ್ಟಿ ಎತ್ತಿ ಕಿವಿಯ ಬಳಿ ಹಿಡಿದು ಬಗ್ಗಿಸಿದ. ಬಿರುಕು ಬಿಡಬೇಕು, ಮುರಿಯಬಾರದು, ಅದೇ ಹದ.

"ಉಪ್ಪು ನೋಡು," ಎಂದು ನನ್ನ ಕೈಗಿತ್ತ.

"ನೀನೇ ನೋಡು ಭಾವ."

"ಮಾಡಿದೋನ ನಾಲಿಗೆಗೆ ಉಪ್ಪು ತಿಳಿಯಲ್ಲ ಕಣೋ."

ತಿಂದೆ. ಅವನ ಮುಖ ನೋಡಿ "ಸರಿಯಾಗಿದೆ" ಎಂದೆ. ಆಮೇಲೆ ದಿನಾ ತಿಂದೆ. ಮನೆಗೆ ಬಂದವರಿಗೆಲ್ಲ ಭಾವ ಡಬ್ಬಿ ಚಾಚುತ್ತಿದ್ದ. ಯಾರಾದರೂ ಅನುಮಾನಿಸಿದರೆ ನನ್ನನ್ನು ತೋರಿಸುತ್ತಿದ್ದ: "ಇವನನ್ನ ನೋಡ್ರಯ್ಯಾ, ಹೆಂಗಿದಾನೆ ಗುಂಡುಕಲ್ಲು!"

ಗುಂಡುಕಲ್ಲು ಒಳಗೊಳಗೇ ಕರಗುತ್ತಿತ್ತು. ಒಂಬತ್ತನೆಯ ದಿನ ಟ್ರಕ್ಕಿನ ಕೀಲಿ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕಿದೆ. ಕೈಯಲ್ಲೇ ಇತ್ತು. ಮುಗೀತು ನನ್ನ ಕಥೆ, ಮಿದುಳಿಗೆ ಬಂತು ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಅಕ್ಕನಿಗೆ ಹೇಳಿದರೆ, "ಉಪ್ಪು ತಿಂದೋನು ನೀರು ಕುಡೀಲೇಬೇಕು" ಎಂದಳು. ಆದರೆ ಅವಳ ಮುಖವೂ ಬಿಳಿಚಿಕೊಂಡಿತ್ತು.

ಹದಿನಾಲ್ಕನೆಯ ದಿನ ಮೂವರೂ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಭಾವನ ಫೋನಿಗೆ ಫಲಿತಾಂಶ ಬಂತು. ಅವನು ಎರಡು ಸಲ ಓದಿದ.

"ರೋಗ ಇಲ್ಲ."

ಅಕ್ಕ ನನ್ನ ಭುಜ ಹಿಡಿದುಕೊಂಡಳು. ಭಾವ ಡಬ್ಬಿಯ ತಳಕ್ಕೆ ಕೈ ಹಾಕಿ, ಉಳಿದಿದ್ದ ಒಂದೇ ಒಂದು ಪಟ್ಟಿಯನ್ನು ತೆಗೆದು ಬಾಯಿಗಿಟ್ಟ. ಅಗಿದ. ಮುಖ ಕಿವಿಚಿದ.

"ಥೂ! ಏನೋ ಇದು, ಬರೀ ಉಪ್ಪು! ಇಷ್ಟು ದಿನ ತಿಂದಿದೀಯ, ಒಂದು ಮಾತು ಹೇಳಬಾರದಿತ್ತೇನೋ?"