ಬೆನಕಪ್ಪ ಮೇಷ್ಟ್ರ ಟ್ರಂಕು

“ಲೇ ಓಬ, ನಿನ್ ಮಗಳ ಬಾಯಿಗೆ ಸಗಣಿ ತುರುಕಲೇ. ದೇವ್ರಂಥ ಮೇಷ್ಟ್ರ ಮ್ಯಾಲೆ ಹೇಳಾಕೆ ಅದಕ್ಕೆ ನಾಲಿಗೆ ಹೆಂಗೆ ಬಂತು?”

ಪಟೇಲ ಜಯದೇವಪ್ಪ ಚಾವಡಿ ಕಟ್ಟೆಯ ಮೇಲಿಂದ ಉಗಿದ. ಎಲೆಯಡಿಕೆಯ ರಸ ನನ್ನ ಕಾಲ ಬಳಿ ಬಿತ್ತು.

ಎರಡನೇ ಮಹಾಯುದ್ಧ ಶುರುವಾದ ವರ್ಷ ಅದು. ನನ್ನ ಮಗಳು ಚೌಡಿಗೆ ಒಂಬತ್ತು ತುಂಬಿತ್ತು. ಸ್ಕೂಲಿನ ಜಗಲಿಯಲ್ಲಿ ಕೂತು ಅಕ್ಷರ ಕಲಿಯುತ್ತಿದ್ದಳು. ನಮ್ಮ ಕೇರಿಯವರಿಗೆ ಒಳಗೆ ಜಾಗವಿರಲಿಲ್ಲ. ಮೇಷ್ಟ್ರು ಬೆನಕಪ್ಪ ಸಂಜೆ ಎಲ್ಲರನ್ನೂ ಮನೆಗೆ ಕಳಿಸಿ, ಕಸ ಗುಡಿಸಲೆಂದು ಅವಳೊಬ್ಬಳನ್ನೇ ಉಳಿಸಿಕೊಳ್ಳುತ್ತಿದ್ದ. ನಾವು ಮುಟ್ಟಿದ ನೀರು ಕುಡಿಯದ ಆ ಮನುಷ್ಯ ನನ್ನ ಮಗಳನ್ನು ಮುಟ್ಟಿದ್ದ. ಚೌಡಿ ತಾಯಿಗೆ ಹೇಳಿದ್ದನ್ನು ಹೆಂಡತಿ ದುರುಗಮ್ಮನಿಂದ ಕೇಳಿದ ಕೂಡಲೇ ಚಾವಡಿಗೆ ದೂರು ತಂದಿದ್ದೆ.

ಸ್ಕೂಲು ಇನ್‌ಸ್ಪೆಕ್ಟರು ಬಂದಾಗ ಅವನಿಗೂ ಹೇಳಿದೆ. ಮೂಗಿಗೆ ಕರ್ಚೀಫು ಹಿಡಿದು ಕೇಳಿದ, ಒಂದಕ್ಷರ ಬರೆದುಕೊಳ್ಳಲಿಲ್ಲ. ಗುಡಿಯಲ್ಲಿ ಪ್ರಮಾಣ ಆಗಲಿ ಎಂದ ಪಟೇಲ. ಬೆನಕಪ್ಪ ಒಳಗೆ ಹೋಗಿ ದೀಪ ಮುಟ್ಟಿ ಬಂದ. ನಾನೂ ಮುಟ್ಟುತ್ತೇನೆ ಎಂದೆ. ನಾನು ಕಾಲಿಟ್ಟರೆ ಗುಡಿ ಮೈಲಿಗೆಯಂತೆ. ಪ್ರಮಾಣ ಮಾಡದವನ ಮಾತು ಸುಳ್ಳಂತೆ. ಥೂ, ಇವರ ನ್ಯಾಯಕ್ಕಿಷ್ಟು.

ಯಾರ ಹೆಸರೂ ಕೆಡುವುದು ಬೇಡವೆಂದು ಇನ್‌ಸ್ಪೆಕ್ಟರು ಬೆನಕಪ್ಪನನ್ನು ಗೋವಿನಕೋವಿ ಊರಿನ ಸ್ಕೂಲಿಗೆ ವರ್ಗ ಮಾಡಿದ.

“ಅಲ್ಲೂ ಹೆಣ್ಮಕ್ಳು ಅದಾವಲ್ಲ ಸ್ವಾಮಿ,” ಎಂದೆ. ಅವನು ಕೊಡೆ ಬಿಚ್ಚಿಕೊಂಡು ಹೊರಟ.

ಮೇಷ್ಟ್ರಿಗೆ ಹಾರ ಹಾಕಿದರು. ಮಕ್ಕಳ ಪಾಲಿನ ತಂದೆ ಎಂದು ಬಿನ್ನವತ್ತಳೆ ಓದಿ ಕೊಟ್ಟರು. ಅವನು ಮರುದಿನ ಬಸ್ಸಿನಲ್ಲಿ ಹೋಗುವವನು. ಟ್ರಂಕು ಮೊದಲೇ ಮುಟ್ಟಿಸುವ ಬಿಟ್ಟಿ ಕೆಲಸ ನನ್ನ ತಲೆಗೆ ಬಂತು. ಊರಿನ ಹೊರೆ ಹೊರುವುದು, ಡಂಗುರ ಸಾರುವುದು ನಮ್ಮ ಮನೆತನದ ಪಾಲು. ಹೊರಡುವಾಗ ದುರುಗಮ್ಮ ತಮಟೆ ತಂದು ನನ್ನ ಹೆಗಲಿಗೆ ಹಾಕಿದಳು.

ಗೋವಿನಕೋವಿಯಲ್ಲಿ ಸ್ಕೂಲಿನ ಮುಂದೆ ಟ್ರಂಕು ಇಳಿಸಿದೆ. ಬಾರಿಸುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿಯಬೇಕು, ಇಲ್ಲದಿದ್ದರೆ ಚರ್ಮ ಬಿಗಿಯುವುದಿಲ್ಲ. ಟ್ರಂಕಿಗೆ ಕಟ್ಟಿದ್ದ ಮೇಷ್ಟ್ರ ಬೆತ್ತವನ್ನು ಮುರಿದು ಹಾಕಿ, ಅದರ ಜೊತೆಗೇ ಸುತ್ತಿ ಕಟ್ಟಿದ್ದ ಬಿನ್ನವತ್ತಳೆಗೆ ಕಡ್ಡಿ ಗೀರಿದೆ. ಚೆನ್ನಾಗಿ ಉರಿಯಿತು.

“ಕೇಳ್ರಪ್ಪ ಕೇಳ್ರಿ. ನಾಳೆ ಬರೋ ಬೆನಕಪ್ಪ ಮೇಷ್ಟ್ರ ಹತ್ರ ಮಕ್ಳನ್ನ ಒಂಟಿಯಾಗಿ ಬಿಡಬ್ಯಾಡ್ರಿ. ನಮ್ಮೂರಾಗೆ ಕೂಸಿನ ಮೈಮ್ಯಾಲೆ ಕೈ ಹಾಕಿದೋನು.”

ಡಂಗುರವೆಂದರೆ ಜನ ನಿಲ್ಲುತ್ತಾರೆ. ಕೊಡ ಹೊತ್ತ ಹೆಂಗಸರು ನಿಂತರು. ಒಬ್ಬಳು ಪಕ್ಕದಲ್ಲಿದ್ದ ತನ್ನ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಊರ ಪಟೇಲನ ಆಳು ದೊಣ್ಣೆ ಹಿಡಿದು ಓಡಿ ಬಂದ.

“ಯಾರ್ದಲೇ ಅಪ್ಪಣೆ?”

ಅಪ್ಪಣೆಯಿಲ್ಲದೆ ಅಂದಿನವರೆಗೆ ನಾನು ಒಂದು ಪೆಟ್ಟೂ ಹಾಕಿದವನಲ್ಲ.

“ನನ್ ಮಗಳದು,” ಎಂದು ಮತ್ತೆ ಬಾರಿಸಿದೆ.