ಕೇರಿಯ ಟ್ಯಾಂಕು ತುಂಬಿದ ದಿನ

"ಏ ಸುಂಕಿ! ನಲ್ಲಿ ಮುಟ್ಟಿದ್ರ ಕೈ ಮುರೀತೀನಿ ನೋಡು. ಸರ್ವೇದೋರು ಬಂದು ಹೋಗೋತನ ಒಂದು ಹನಿ ಇಳೀಬಾರದು. ನಿಮ್ಮೌವ್ನ, ತಿಳೀತೋ ಇಲ್ಲೋ?"

ಪಂಚಾಯ್ತಿ ಅಧ್ಯಕ್ಷ ಕೊಟ್ರಗೌಡ ಬೈದು ಬೈಕ್ ಏರಿದ. ಸುಂಕಮ್ಮ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡೇ ತಲೆಯಾಡಿಸಿದಳು. ಪಾಪ, ಗೌಡನಿಗೂ ಎಷ್ಟು ಕೆಲಸ! ಯುಗಾದಿಯಿಂದ ಒಣಗಿ ನಿಂತಿದ್ದ ದಲಿತ ಕೇರಿಯ ಮಿನಿ ಟ್ಯಾಂಕಿಗೆ ನೀಲಿ ಬಣ್ಣ ಬಳಿಸಿ, ತನ್ನ ಬೋರಿನ ನೀರನ್ನೇ ಬೆಳಿಗ್ಗೆ ಟ್ಯಾಂಕರಿನಲ್ಲಿ ತಂದು ತುಂಬಿಸಿದ್ದ. ತಾನಿದ್ದ ಮೇಲಿನ ಓಣಿಯ ನಲ್ಲಿಗಳನ್ನು ಬಂದ್ ಮಾಡಿಸಿದ್ದ. ಬಿಸಿಲು ಹೆಚ್ಚಿ ಮಳೆ ಕೈಕೊಟ್ಟರೆ ಯಾವ ಓಣಿಯ ನೀರು ಮೊದಲು ನಿಲ್ಲುತ್ತದೆಂದು ನೋಡಲು ಸರ್ವೇದವರು ಬರುವವರಿದ್ದರು. ಹೊಸ ಬೋರು ಆ ಓಣಿಗೆ.

"ಹಂಗಾರ ಬೋರು ಗೌಡನ ಓಣಿಗೆ. ನಮಗೇನವಾ?" ಮುದುಕಿ ಗಾದೆಮ್ಮ ಕೇಳಿದಳು.

"ನಮಗ ನೀಲಿ ಬಣ್ಣ, ಯವ್ವಾ."

ಕೇರಿಯೆಲ್ಲ ನಕ್ಕಿತು. ನಕ್ಕ ಮೇಲೆ ಸುಂಕಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಲ್ಲಿ ತಿರುಗಿಸಿಯೇ ಬಿಟ್ಟಳು.

"ಬರ್ರೇ, ಕೊಡ ತರ್ರಿ! ಮುರಿಯೋದಾದ್ರ ಎಲ್ಲಾರ ಕೈನೂ ಮುರೀಲಿ ಹಲ್ಕಟ್!"

ಕೊಡ, ಬಕೆಟ್ಟು, ಡ್ರಮ್ಮು, ಅಂಗನವಾಡಿಯ ಪಾತ್ರೆ ಎಲ್ಲ ತುಂಬಿದವು. ಉಳಿದದ್ದರಲ್ಲಿ ಮಕ್ಕಳ ತಲೆ ತೊಳೆದದ್ದಾಯಿತು, ಎಮ್ಮೆಯ ಮೈಯೂ.

ಮಧ್ಯಾಹ್ನ ಹಗರಿಬೊಮ್ಮನಹಳ್ಳಿ ಕಡೆಯಿಂದ ಜೀಪು ಬಂತು, ಹಿಂದೆಯೇ ಗೌಡನ ಬೈಕು. ಸರ್ವೇಯ ಮೇಘಾ ಮೇಡಂ ಟ್ಯಾಂಕು ಬಡಿದರು. ಡಣ್ ಅಂದಿತು. ನಲ್ಲಿ ತಿರುಗಿಸಿದರು. ಬರೀ ಗಾಳಿ ಬಂತು.

ಗೌಡನ ಮುಖ ಬಿಳಿಚಿತು. "ಈಗ ತುಂಬಿತ್ರೀ ಮೇಡಂ! ಇವ್ರು ಹಿಡಕೊಂಡು ಖಾಲಿ ಮಾಡ್ಯಾರ!"

"ಟ್ಯಾಂಕಲ್ಲಿರೋ ನೀರು ಹಿಡ್ಕೊಳ್ಳೋಕೇ ಅಲ್ವಾ?"

"ಹೌದ್ರಿ, ಹೌದ್ರಿ," ಗೌಡ ಮಾತು ತಿರುಗಿಸಿದ. "ನಮ್ಮೂರಾಗ ಮ್ಯಾಲಿನ ಓಣಿ, ಕೇರಿ ಅಂತ ಭೇದ ಇಲ್ರಿ. ಎಲ್ಲಾರೂ ಒಂದ ನೀರು ಕುಡಿಯೋದು."

"ಖರೇ ಐತ್ರಿ ಮೇಡಮ್ಮಾರ," ಎಂದು ಸುಂಕಮ್ಮ ನಗುತ್ತಲೇ ಒಳಗೆ ಹೋಗಿ ಚೆಂಬು ತುಂಬಿ ತಂದಳು. ಮೇಡಂ ಕೈ ಚಾಚಿದರು.

"ತಡೀರಿ, ನಿಮಗೂ ಕೊಡ್ತೀನಿ. ಮೊದ್ಲು ಗೌಡ್ರು ಕುಡೀಲಿ, ಬಿಸಿಲಾಗ ಬಂದಾರ. ಕುಡೀರಿ ಗೌಡ್ರ, ನಿಮ್ಮ ಬೋರಿನ ನೀರ ಐತಿ."

ಗೌಡ ತುಟಿ ನೆಕ್ಕಿಕೊಂಡ. ಕೈ ಮಾತ್ರ ಮೇಲೇಳಲಿಲ್ಲ. ಕೇರಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಮೇಡಂ ಒಮ್ಮೆ ಚೆಂಬನ್ನು, ಒಮ್ಮೆ ಗೌಡನನ್ನು ನೋಡಿದರು.

ಸುಂಕಮ್ಮ ಚೆಂಬು ಇಳಿಸಲಿಲ್ಲ.